520ರ ಗೆರೆ: ನಮ್ಮ ಶಾಲೆಯಲ್ಲಿ ಭೂಗೋಳ ಪಾಠ ನಡೆದು ಬಂದ ಬಗೆ

ಸುವರ್ಣ ಮಹೋತ್ಸವ ಸಮಿತಿಯ ಹುಡುಗರು ಮನೆಗೆ ಬಂದಿದ್ದರು. ಹುಡುಗರು ಎಂದರೆ ಅವರಿಗೂ ಈಗ ಐವತ್ತರ ಹತ್ತಿರ ಬಂತು, ಆದರೆ ನನ್ನ ಹಾಜರಿ ಪುಸ್ತಕದಲ್ಲಿ ಅವರು ಹುಡುಗರೇ. ಶಾಲೆಯ ಇತಿಹಾಸ, ದಾನಿಗಳ ವಿವರ, ಕ್ರೀಡಾ ಸಾಧನೆಗಳನ್ನೆಲ್ಲ ಬೇರೆಯವರಿಗೆ ಹಂಚಿಯಾಗಿದೆ ಎಂದೂ ‘ನೀವು ನಿಮ್ಮ ಭೂಗೋಳದ ಬಗ್ಗೆ ಬರೀರಿ ಸರ’ ಎಂದೂ ಹೇಳಿ ಚಹಾ ಕುಡಿದು ಹೋದರು. ನಿವೃತ್ತನಾಗಿ ಹತ್ತು ವರ್ಷವಾಯಿತು. ಕೈಯಲ್ಲಿ ಇರುವುದು ಮೂರು ಡೈರಿ, ಒಂದು ಸುತ್ತಿಟ್ಟ ನಕಾಶೆ, ಮತ್ತು ನೆನಪು. ಭೂಗೋಳ ಪಾಠಕ್ಕೆ ಎಂಥ ಇತಿಹಾಸ ಎಂದು ಕೆಲವರು ಕೇಳಬಹುದು. ಊರೇ ಜಾಗ ಬದಲಿಸಿದ ಮೇಲೆ ನಮ್ಮ ಶಾಲೆಯ ಮಟ್ಟಿಗೆ ಇತಿಹಾಸ ಬೇರೆ, ಭೂಗೋಳ ಬೇರೆ ಎಂದು ಉಳಿಯಲಿಲ್ಲ.

ಶಾಲೆ ಶುರುವಾದದ್ದು 1974ರಲ್ಲಿ, ಹಳೆ ಊರಿನಲ್ಲಿ, ಘಟಪ್ರಭೆಯ ದಂಡೆಯ ಮೇಲೆ. ಮೊದಲ ಎರಡು ವರ್ಷ ಚಾವಡಿಯ ಕಟ್ಟೆಯ ಮೇಲೆಯೇ ಪಾಠ. ಆಗ ನಮ್ಮದು ವಿಜಾಪುರ ಜಿಲ್ಲೆ. ನಾನು ಸಹಶಿಕ್ಷಕನಾಗಿ ಬಂದದ್ದು 1983ರ ಜೂನ್‌ನಲ್ಲಿ. ಚಾರ್ಜು ತೆಗೆದುಕೊಂಡಾಗ ಭೂಗೋಳದ ಆಸ್ತಿ ಎಂದು ನನ್ನ ಕೈಗೆ ಬಂದದ್ದು ಮೂರೇ ವಸ್ತು: ಅಕ್ಷದಿಂದ ಕಳಚಿದ ಒಂದು ಗೋಲ, ಭಾರತದ ಗೋಡೆ ನಕ್ಷೆ ಒಂದು, ರಾಜ್ಯದ ನಕ್ಷೆ ಒಂದು. ರಾಜ್ಯದ ನಕ್ಷೆಯ ಮೇಲೆ ‘ಮೈಸೂರು’ ಎಂದು ಅಚ್ಚಾಗಿತ್ತು. 1973ರ ನವೆಂಬರ್ 1ಕ್ಕೇ ರಾಜ್ಯದ ಹೆಸರು ಕರ್ನಾಟಕವಾಗಿದ್ದರೂ ಇಲಾಖೆಯಿಂದ ಬಂದದ್ದು ಹಳೆಯ ಪ್ರತಿ. ನನಗಿಂತ ಮೊದಲಿದ್ದ ಗುರುಗಳು ಅದರ ಮೇಲೆ ಒಂದು ಚೀಟಿ ಅಂಟಿಸಿ ಮಸಿಯಲ್ಲಿ ಚೆಂದಾಗಿ ‘ಕರ್ನಾಟಕ’ ಎಂದು ಬರೆದಿದ್ದರು. ಅಂದಿನಿಂದ ನಾನು ಅಂಟಿಸಿದ ಚೀಟಿಗಳಿಗೆ ಲೆಕ್ಕವಿಲ್ಲ. 1987ರಲ್ಲಿ ಗೋವಾ ರಾಜ್ಯವಾಯಿತು, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು, 1997ರಲ್ಲಿ ನಮ್ಮ ಬಾಗಲಕೋಟೆಯೂ ಸೇರಿ ಏಳು ಹೊಸ ಜಿಲ್ಲೆಗಳಾದವು, 2000ದಲ್ಲಿ ಮೂರು ಹೊಸ ರಾಜ್ಯ ಬಂದವು. ನಾನು ಸೇರಿದಾಗ 19 ಇದ್ದ ಜಿಲ್ಲೆಗಳು ಈಗ 31.

ಪಾಠ ಹೇಗೆ ನಡೆಯುತ್ತಿತ್ತು ಎಂದರೆ, ಮುಚ್ಚುಮರೆ ಏಕೆ, ಪರೀಕ್ಷೆಗೆ ನಡೆಯುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆ ತಪ್ಪದೆ ಬರುವುದು. ಪ್ಲಾಸ್ಟಿಕ್ಕಿನ ಅಚ್ಚು ಇಟ್ಟು ಪೆನ್ಸಿಲ್ ಸುತ್ತಿಸಿ ಸುತ್ತಿಸಿ, ಅಚ್ಚು ಇಲ್ಲದೆಯೂ ಕೈ ತಾನೇ ತಿರುಗುವ ಹಾಗೆ ಮಾಡಿಸುತ್ತಿದ್ದೆ. ಕಾಂಡ್ಲಾ ಎಲ್ಲಿ, ಭಿಲಾಯಿ ಎಲ್ಲಿ ಎಂದು ಕಣ್ಣು ಮುಚ್ಚಿ ಚುಕ್ಕೆ ಇಡುತ್ತಿದ್ದ ಮಕ್ಕಳಿಗೆ ತಮ್ಮ ಹೊಳೆ ಎಲ್ಲಿ ಹುಟ್ಟುತ್ತದೆ ಎಂದು ಗೊತ್ತಿರಲಿಲ್ಲ. ಪುಸ್ತಕದಲ್ಲಿ ಮೊದಲು ಪ್ರಾಕೃತಿಕ ಭೂಗೋಳ: ಶಿಲೆ, ವಾಯು, ಮಳೆ. ಆಮೇಲೆ ಮಾನವ ಭೂಗೋಳ: ಜನಸಂಖ್ಯೆ, ಬೆಳೆ, ಕೈಗಾರಿಕೆ. ನಡುವೆ ದೀಪಾವಳಿ ರಜೆ. ರಜೆ ಮುಗಿಸಿ ಬಂದ ಮಕ್ಕಳು ಮೊದಲಿನದನ್ನು ಮರೆತೇ ಎರಡನೆಯದನ್ನು ಓದುತ್ತಿದ್ದರು. ಧಾರವಾಡದಲ್ಲಿ ಬಿ.ಎ. ಓದುವಾಗ ನಾನೂ ಹಾಗೆಯೇ ಓದಿದ್ದೆ. ಪ್ರಕೃತಿಯೇ ಮನುಷ್ಯನನ್ನು ರೂಪಿಸುತ್ತದೆ ಎಂಬ ಪಂಥ ಒಂದು, ಮನುಷ್ಯನಿಗೆ ಆಯ್ಕೆ ಉಂಟು ಎಂಬ ಪಂಥ ಇನ್ನೊಂದು. ಒಂದಕ್ಕೆ ಜರ್ಮನಿಯ ರಾಟ್ಸೆಲ್, ಇನ್ನೊಂದಕ್ಕೆ ಫ್ರಾನ್ಸಿನ ವಿದಾಲ್ ದ ಲಾ ಬ್ಲಾಶ್. ಹತ್ತು ಅಂಕಕ್ಕೆ ಬರೆದು ಪಾಸಾಗಿದ್ದೆ, ಅಷ್ಟೆ.

ಇದನ್ನು ಬದಲಿಸಿದವರು ಮಕ್ಕಳೇ. ನಾನು ಬಂದ ಮರುವರ್ಷ ಜುಲೈ ತಿಂಗಳು. ಬಿಸಿಲು ಸುಡುತ್ತಿತ್ತು, ಆಕಾಶದಲ್ಲಿ ಮೋಡದ ಚೂರಿಲ್ಲ, ಮುಂಗಾರಿ ಕೈಕೊಟ್ಟಿತ್ತು. ಹೊಳೆ ಮಾತ್ರ ದಂಡೆ ಮುಟ್ಟಿ ಕೆಂಪಗೆ ಹರಿಯುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: ‘ಮಳಿ ಇಲ್ಲ, ಮಾಡ ಇಲ್ಲ, ಹೊಳಿ ಹೆಂಗ ಬಂತ್ರಿ ಸರ?’ ಮಳೆನೆರಳಿನ ಪ್ರದೇಶ ಎಂಬ ಪಾಠವನ್ನು ಹಿಂದಿನ ವಾರವೇ ಮಾಡಿ ಮುಗಿಸಿದ್ದೆ. ಇಡೀ ತರಗತಿ ಅದನ್ನು ಕಂಠಪಾಠ ಒಪ್ಪಿಸಿತ್ತು. ಪಾಠ ಬೇರೆ, ಹೊಳೆ ಬೇರೆ ಆಗಿತ್ತು! ಅಂದು ತರಗತಿಯನ್ನು ದಂಡೆಗೇ ಕರೆದುಕೊಂಡು ಹೋಗಿ ಹೇಳಿದೆ. ಪಡುವಣಕ್ಕೆ ಇನ್ನೂರು ಕಿಲೋಮೀಟರಿನ ಒಳಗೆ ಸಹ್ಯಾದ್ರಿಯ ನೆತ್ತಿ ಇದೆ. ಅಲ್ಲಿ ಅಂಬೋಲಿಯಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ. ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ನೀರನ್ನೆಲ್ಲ ಅಲ್ಲಿಯೇ ಸುರಿದು, ಇತ್ತ ಇಳಿಯುವಾಗ ಒಣಗಿರುತ್ತದೆ. ನಮ್ಮ ಪಾಲಿಗೆ 600 ಮಿಲಿಮೀಟರೂ ದಾಟುವುದಿಲ್ಲ. ಆದರೆ ಅಲ್ಲಿ ಬಿದ್ದ ನೀರು ಗೋಕಾಕದ ಜಲಪಾತ ಹಾರಿ ನಮ್ಮ ಬಾಗಿಲಿಗೆ ಬರುತ್ತದೆ. ‘ಅಂದ್ರ ಮಳಿ ಅವರಿಗೆ, ಹೊಳಿ ನಮಗ’ ಎಂದ ಅದೇ ಹುಡುಗ. ಮಳೆನೆರಳಿನ ಬಗ್ಗೆ ಇದಕ್ಕಿಂತ ಚೊಕ್ಕ ಉತ್ತರವನ್ನು ನಾನು ಯಾವ ಉತ್ತರ ಪತ್ರಿಕೆಯಲ್ಲಿಯೂ ಓದಲಿಲ್ಲ.

ಅಲ್ಲಿಂದ ಮುಂದೆ ಸಾಧ್ಯವಾದಾಗಲೆಲ್ಲ ಪಾಠ ಹೊರಗೆ. ಶಿಲೆಗಳ ಪಾಠಕ್ಕೆ ದೂರ ಹೋಗಬೇಕಾಗಿರಲಿಲ್ಲ. ನಮ್ಮ ಸುತ್ತಿನ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರೇ ‘ಕಲಾದಗಿ’. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನದ ಗ್ರಂಥದಲ್ಲಿ ಈ ಪದರಗಳನ್ನು ವಿವರಿಸಿದ. ನಾವು ಚಿಕ್ಕು, ದಾಳಿಂಬೆ ತರುವ ಊರಿನ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ ಎಂದಾಗ ಮಕ್ಕಳು ನಂಬಿರಲಿಲ್ಲ. ಬಾಗಲಕೋಟೆಯ ಸಿಮೆಂಟಿನ ಹಿಂದೆ ಇರುವುದೂ ಇದೇ ಪದರಗಳ ಸುಣ್ಣದ ಕಲ್ಲು. ಹನುಮಪ್ಪನ ಗುಡಿಯ ಮೆಟ್ಟಿಲಿಗೆ ಹಾಸಿದ್ದ ಚಪ್ಪಡಿಯ ಮೇಲೆ ಸಾಲುಸಾಲಾಗಿ ಸಣ್ಣ ಏರಿಳಿತಗಳಿದ್ದವು. ನೂರು ಕೋಟಿ ವರ್ಷಕ್ಕೂ ಹಿಂದೆ ತೆಳು ನೀರಿನ ಅಲೆ ಮರಳಿನ ಮೇಲೆ ಬಿಟ್ಟ ಗುರುತು, ಮರಳು ಕಲ್ಲಾದರೂ ಗುರುತು ಹಾಗೆಯೇ ಉಳಿದಿದೆ ಎಂದೆ. ಒಬ್ಬಳು ಬೆರಳಾಡಿಸಿ ನೋಡಿ ಕೇಳಿದಳು: ‘ಹಂಗಾರ ನಮ್ಮೂರು ಮೊದಲೂ ಒಮ್ಮೆ ಮುಳುಗಿತ್ತೇನ್ರಿ?’

‘ಮೊದಲೂ’ ಎಂದಳು. ಏಕೆಂದರೆ ಮುಳುಗಡೆಯ ಮಾತು ಆಗಲೇ ಮನೆಮನೆಯಲ್ಲಿ ಇತ್ತು. ಆಲಮಟ್ಟಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ ತಿಂಗಳಲ್ಲಿ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಕೃಷ್ಣೆಯ 2,060 ಟಿಎಂಸಿ ನೀರು ಹಂಚಿ ಕರ್ನಾಟಕಕ್ಕೆ 700 ಎಂದಿತು. ನಮ್ಮ ಶಾಲೆಯ ಗೋಡೆ ಎದ್ದದ್ದು ಆಮೇಲೆ. ಅಂದರೆ, ಮುಳುಗಲಿರುವ ಜಾಗದಲ್ಲಿಯೇ ಶಾಲೆ ಕಟ್ಟಿದರು. ಇದನ್ನು ತಪ್ಪು ಎನ್ನಲಾರೆ. ಅಣೆಕಟ್ಟು ಮುಗಿಯುವ ದಾರಿ ಕಾಯುತ್ತ ಕೂತಿದ್ದರೆ ಎರಡು ತಲೆಮಾರಿನ ಮಕ್ಕಳು ಏಳನೆಯ ಇಯತ್ತೆಗೇ ನಿಲ್ಲುತ್ತಿದ್ದರು.

ಸಮೋನ್ನತಿ ರೇಖೆಯ ಪಾಠ ನಮ್ಮ ಶಾಲೆಯಲ್ಲಿ ಬೇರೆಯೇ ತೂಕ ಪಡೆದದ್ದು ಹೀಗೆ. ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಸೇರಿಸುವ ಕಾಲ್ಪನಿಕ ರೇಖೆಯೇ ಸಮೋನ್ನತಿ ರೇಖೆ: ಒಂದು ಅಂಕದ ಉತ್ತರ. ಅದನ್ನು ಕಣ್ಣಿಗೆ ಕಾಣಿಸಲು ಒಂದು ಹಳೆಯ ಉಪಾಯವಿದೆ. ಬೋಗುಣಿಯಲ್ಲಿ ಮಣ್ಣಿನ ಗುಡ್ಡ ಮಾಡಿ, ಅರ್ಧರ್ಧ ಅಂಗುಲ ನೀರು ಏರಿಸುತ್ತ, ನೀರು ಮುಟ್ಟಿದ ಕಡೆಯೆಲ್ಲ ಕಡ್ಡಿಯಿಂದ ಗೆರೆ ಕೊರೆಯುವುದು. ನಮ್ಮ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸುವ ಅಗತ್ಯವಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಆಗಷ್ಟೇ ಮುಗಿದಿತ್ತು, ಎಲ್ಲರ ಕೈಯೂ ಹದವಾಗಿತ್ತು. ಎರೆಮಣ್ಣು ತಂದು ಗುಡ್ಡ ಮಾಡಿದರು. ಮಾಡಿ ಸುಮ್ಮನಿರದೆ ಗುಡ್ಡದ ಬುಡದಲ್ಲಿ ಸಣ್ಣ ಸಣ್ಣ ಮನೆ, ಒಂದು ಗುಡಿ, ಉಳಿದಿದ್ದ ಎರಡು ಮಣ್ಣೆತ್ತು ಇಟ್ಟರು. ನಾನು ತಂಬಿಗೆಯಿಂದ ನೀರು ಹೊಯ್ದೆ. ಮೊದಲ ಗೆರೆ, ಎರಡನೆಯ ಗೆರೆ. ಮೂರನೆಯದಕ್ಕೆ ನೀರು ಮನೆಗಳ ಬಾಗಿಲಿಗೆ ಬಂತು. ಮೊದಲು ಕೇಕೆ ಹಾಕುತ್ತಿದ್ದ ತರಗತಿ ಆಗ ತಣ್ಣಗಾಯಿತು. ಮುಂದಿನ ಸಾಲಿನ ಒಬ್ಬ ಹುಡುಗ ಕೈ ಹಾಕಿ ಎತ್ತುಗಳನ್ನು ಎತ್ತಿ ಮೇಲಿನ ಗೆರೆಯ ಮೇಲೆ ಇಟ್ಟ. ಯಾರೂ ನಗಲಿಲ್ಲ. ಮರುದಿನ ಬಂದು ನೋಡಿದರೆ ಗುಡ್ಡವೇ ಕುಸಿದು ರಾಡಿಯಾಗಿತ್ತು. ನೀರು ಕುಡಿದು ಉಬ್ಬುವುದು, ಒಣಗಿ ಬಿರಿಯುವುದು ಎರೆಮಣ್ಣಿನ ಗುಣ. ಅದೇ ಅಂದಿನ ಪಾಠವಾಯಿತು.

ಆ ವರ್ಷವೇ ಬೆಂಗಳೂರಿಗೆ ಹೋದಾಗ ಸರ್ವೇ ಆಫ್ ಇಂಡಿಯಾ ಕಚೇರಿಗೆ ಹೋಗಿ, ಅರ್ಜಿ ಬರೆದುಕೊಟ್ಟು, ನಮ್ಮ ಭಾಗದ ಸ್ಥಳಾಕೃತಿ ನಕ್ಷೆ ಕೊಂಡು ತಂದೆ. ಸಂಖ್ಯೆ 47 ಪಿ ಗುಂಪಿನದು, ಅಳತೆ 1:50,000. ನನ್ನ ಸ್ವಂತ ದುಡ್ಡು, ಆದರೆ ಅದಕ್ಕಿಂತ ಒಳ್ಳೆಯ ಖರ್ಚು ನಾನು ಮಾಡಿಲ್ಲ. ಟಿಪ್ಪುವಿನ ಮರಣದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ಒಂದು ಆಧಾರ ರೇಖೆ ಅಳೆದ. ಅವನು ಮುಂದೆ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ತ್ರಿಕೋನಮಿತಿಯ ಮಹಾಸರ್ವೇಕ್ಷಣೆಯೇ ಹಿಮಾಲಯದವರೆಗೆ ಹೋಯಿತು. ಗುಡ್ಡಗಳ ಮೇಲೆ ನೆಟ್ಟ ಆ ತ್ರಿಕೋನಗಳ ಮೇಲೆಯೇ ಇಂದಿನ ನಕ್ಷೆಗಳು ನಿಂತಿವೆ ಎಂದು ಹೇಳಿ, ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದೆ. ಸುತ್ತ ನಲವತ್ತು ತಲೆಗಳು. ನೀರು ನೀಲಿ, ಕಾಡು ಹಸಿರು, ಏರಿಳಿತ ಕಂದು. ನಮ್ಮ ಊರು ಒಂದು ಕೆಂಪು ಕಲೆ, ಹೆಬ್ಬೆರಳಿನ ಉಗುರಿನಷ್ಟು. ಅಷ್ಟು ಸಣ್ಣದರಲ್ಲಿ ಗುಡಿ, ಬಾವಿ, ಬಂಡಿದಾರಿ ಎಲ್ಲಕ್ಕೂ ಗುರುತು ಇದ್ದವು. ‘ನಮ್ಮೂರು ಸರಕಾರಕ್ಕ ಗೊತ್ತೈತಿ’ ಎಂದು ಹಿಗ್ಗಿದರು.

ಈ ನಕ್ಷೆಯಲ್ಲಿ ಕಂದು ಗೆರೆಗಳು 20 ಮೀಟರಿಗೆ ಒಂದು: 500, 520, 540. ಆಲಮಟ್ಟಿ ಜಲಾಶಯದ ಮಟ್ಟದ ಬಗ್ಗೆ ಆಗ ಪತ್ರಿಕೆಗಳಲ್ಲಿ ಓಡಾಡುತ್ತಿದ್ದ ಅಂಕಿಗಳು ಎರಡು, 519.6 ಮೀಟರು ಮತ್ತು 524.256 ಮೀಟರು. ಮೊದಲನೆಯದು ಹೆಚ್ಚುಕಡಿಮೆ ನಕ್ಷೆಯ 520ರ ಗೆರೆಯೇ! ಒಂದು ಶನಿವಾರ ಮಕ್ಕಳಿಗೆ ಪಾರದರ್ಶಕ ಹಾಳೆ, ನೀಲಿ ಪೆನ್ಸಿಲ್ ಕೊಟ್ಟು, ಆ ಗೆರೆ ಹಿಡಿದು ಹೋಗಿ, ಒಳಗಿನದಕ್ಕೆಲ್ಲ ಬಣ್ಣ ತುಂಬಿ ಎಂದೆ. ಪೆನ್ಸಿಲ್ ಹೊಳೆಗುಂಟ ಮೇಲೆ ಹೋಯಿತು, ಹಳ್ಳಗಳ ಒಳಗೆ ಬೆರಳಿನ ಹಾಗೆ ಚಾಚಿತು, ಗುಡ್ಡ ಬಳಸಿ ಬಂತು. ಹಾಳೆ ಎತ್ತಿ ಬೆಳಕಿಗೆ ಹಿಡಿದಾಗ ಕಂಡದ್ದು ಒಂದು ಸಮುದ್ರ. ನಮ್ಮ ಊರು ನೀಲಿಯ ಒಳಗೆ. ಅಂದು ಸಂಜೆಯೇ ಸುದ್ದಿ ಊರೆಲ್ಲ ಹರಡಿತು: ಸಾಲಿಯೊಳಗ ಮುಳುಗಡೆ ನಕಾಶಿ ಐತಿ.

ಇಲ್ಲಿಂದ ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಪಾಲಕರು ಬರತೊಡಗಿದರು. ಹೊಲದ ಗುರುತು ಹೇಳಿ, ನಮ್ಮದು ಒಳಗೋ ಹೊರಗೋ ಎಂದು ಕೇಳುವರು. ನಾನು ಹೇಳುತ್ತಿದ್ದೆ. ಮಾಸ್ತರಿಗೆ ಗೊತ್ತು ಎಂಬ ಗೌರವ ನನ್ನನ್ನು ಸ್ವಲ್ಪ ಉಬ್ಬಿಸಿತ್ತು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಬಂದರು. ಪುನರ್ವಸತಿ ಕೇಂದ್ರದ ನಿವೇಶನಕ್ಕೆ ಕಾಯುವುದಕ್ಕಿಂತ ತಮ್ಮ ಮೇಲಿನ ಹೊಲದಲ್ಲಿಯೇ ಮನೆ ಕಟ್ಟಿಕೊಂಡರೆ ದನಕರುಗಳಿಗೆ ಅನುಕೂಲ ಎಂಬುದು ಅವರ ವಿಚಾರ. ‘ಗುರುಗಳ, ನಕಾಶಿ ನೋಡಿ ಹೇಳ್ರಿ, ಕಟ್ಟಲ್ಯೋ ಬ್ಯಾಡೋ?’ ನಾನು ಅಡ್ಡಗೋಲು ಇಟ್ಟು ನೋಡಿದೆ. ಅವರ ಹೊಲ ಗೆರೆಯ ಹೊರಗೆ ಇತ್ತು. ‘ಚಿಂತಿಲ್ಲ, ಕಟ್ಟ್ರಿ’ ಎಂದೆ. ಅವರು ಹಳೆ ಮನೆಯ ತೊಲೆ, ಜಂತಿ ಬಿಚ್ಚಿ ಬಂಡಿಯಲ್ಲಿ ಹೇರಿ, ಸೊಸಾಯಿಟಿ ಸಾಲ ತೆಗೆದು, ಮೇಲ್ಮುದ್ದೆಯ ಒಳ್ಳೆಯ ಮನೆ ಕಟ್ಟಿದರು. ಪ್ರವೇಶಕ್ಕೆ ಕರೆದು ಹೋಳಿಗೆ ಉಣ್ಣಿಸಿದರು.

ಎರಡು ವರ್ಷದ ಮೇಲೆ ಲೆವೆಲ್ ಹಿಡಿಯುವವರು ಬಂದು ಗಡಿ ಕಲ್ಲು ನೆಟ್ಟರು. ಕಲ್ಲು ಮನೆಗಿಂತ ಮೇಲೆ ಬಂತು.

ಎಲ್ಲಿ ತಪ್ಪಿದೆ ಎಂದು ಆಮೇಲೆ ಕೂತು ಲೆಕ್ಕ ಹಾಕಿದೆ. 1:50,000 ಅಳತೆಯ ನಕ್ಷೆಯಲ್ಲಿ ಗೆರೆಯ ದಪ್ಪವೇ 0.2 ಮಿಲಿಮೀಟರು ಎಂದರೆ ನೆಲದ ಮೇಲೆ ಅದು 10 ಮೀಟರು ಅಗಲ. ಅದು ದೊಡ್ಡದಲ್ಲ. ದೊಡ್ಡದು ಬೇರೆ: 20 ಮೀಟರಿಗೊಂದು ಗೆರೆ ಎಳೆದ ನಕ್ಷೆಯಲ್ಲಿ ಎತ್ತರ ನಾಲ್ಕೈದು ಮೀಟರು ಆಚೀಚೆ ಇದ್ದರೆ ಅದು ನಕ್ಷೆ ಮಾಡಿದವರ ತಪ್ಪೇ ಅಲ್ಲ. ನಮ್ಮ ಎರೆಹೊಲಗಳು ನೂರು ಮೀಟರು ನಡೆದರೆ ಒಂದು ಮೀಟರು ಏರುವಂಥವು. ಎತ್ತರದಲ್ಲಿ 5 ಮೀಟರು ತಪ್ಪಿದರೆ ಹೊಲದಲ್ಲಿ 500 ಮೀಟರು ತಪ್ಪುತ್ತದೆ. ಅವರ ಹೊಲವೇ ಅಷ್ಟು ಉದ್ದವಿರಲಿಲ್ಲ. ಇನ್ನೂ ಒಂದಿದೆ. ಅಣೆಕಟ್ಟಿನ ಹಿಂದಿನ ನೀರು ಬೋಗುಣಿಯ ನೀರಿನ ಹಾಗೆ ಮಟ್ಟಸವಾಗಿ ನಿಲ್ಲುವುದಿಲ್ಲ. ಮಹಾಪೂರ ಬಂದಾಗ ಹೊಳೆ ಬರುವ ದಿಕ್ಕಿಗೆ ಅದು ಏರುತ್ತ ಹೋಗುತ್ತದೆ. ಅದಕ್ಕಾಗಿ ಪೂರ್ಣ ಮಟ್ಟಕ್ಕಿಂತ ಮೇಲಿನ ಭೂಮಿಯನ್ನೂ ತೆಗೆದುಕೊಳ್ಳುತ್ತಾರೆ. ಬೋಗುಣಿಯ ಪಾಠ ಮಾಡಿದ ನನಗೆ ಇದು ಹೊಳೆಯಲಿಲ್ಲ.

ಆ ಯಜಮಾನರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪರಿಹಾರದ ಅರ್ಜಿ ಬರೆಸಿಕೊಳ್ಳಲು ನನ್ನ ಹತ್ತಿರವೇ ಬಂದರು. ಬರೆದುಕೊಟ್ಟೆ. ಅದೇ ತೊಲೆಗಳನ್ನು ಮತ್ತೆ ಬಿಚ್ಚಿ ಹೊಸ ಊರಿಗೆ ತಂದು ಮೂರನೆಯ ಸಲ ನಿಲ್ಲಿಸಿದರು. ಈಗ ಅವರಿಲ್ಲ. ಮಗ ಈ ಸಮಿತಿಯಲ್ಲಿ ಇದ್ದಾನೆ, ಇದನ್ನು ಬರೆಯಲು ಅವನ ಒಪ್ಪಿಗೆ ಕೇಳಿದ್ದೇನೆ. ‘ಬರೀರಿ ಸರ, ಅಪ್ಪ ಆ ಮನಿಯೊಳಗ ಎರಡು ವರ್ಷ ಭಾಳ ಖುಷಿಲೆ ಇದ್ದ’ ಎಂದ. ಆ ಬಳಿಕ ನಕ್ಷೆಯ ಪಾಠಕ್ಕೆ ನಾನು ಒಂದು ತಾಸು ಹೆಚ್ಚು ಸೇರಿಸಿಕೊಂಡೆ. ನಕ್ಷೆ ಏನು ಹೇಳುತ್ತದೆ ಎನ್ನುವುದಾದ ಮೇಲೆ, ಏನು ಹೇಳಲಾರದು ಎಂಬ ತಾಸು. ಅದು ಪಠ್ಯಕ್ರಮದಲ್ಲಿ ಇರಲಿಲ್ಲ, ತಪಾಸಣೆಗೆ ಬಂದ ಸಾಹೇಬರೊಬ್ಬರು ಆಕ್ಷೇಪವನ್ನೂ ಬರೆದು ಹೋದರು.

ಪಠ್ಯಕ್ರಮದಲ್ಲಿ ಇದ್ದದ್ದು ‘ವಿವಿಧೋದ್ದೇಶ ನದಿ ಕಣಿವೆ ಯೋಜನೆಗಳು’. ಉದ್ದೇಶಗಳನ್ನು ಬರೆಯಿರಿ: ನೀರಾವರಿ, ವಿದ್ಯುತ್, ಪ್ರವಾಹ ನಿಯಂತ್ರಣ, ಮೀನುಗಾರಿಕೆ ಹೀಗೆ. ಕೃಷ್ಣಾ ಮೇಲ್ದಂಡೆ ಯೋಜನೆಯೂ ಅದರಲ್ಲಿ ಒಂದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಎಲ್ಲ ಉದ್ದೇಶಗಳನ್ನೂ ಸರಿಯಾಗಿ ಬರೆದು ಕೊನೆಯಲ್ಲಿ ‘ನಮ್ಮ ಊರನ್ನು ಮುಳುಗಿಸುವುದು’ ಎಂದು ಸೇರಿಸಿದ್ದಳು. ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಅದು ಉದ್ದೇಶವಲ್ಲ, ಪರಿಣಾಮ. ಹಾಗೆಂದು ಅಂಚಿನಲ್ಲಿ ಬರೆದು ಪೂರ್ತಿ ಅಂಕ ಕೊಟ್ಟೆ. ಮುಂದೆ ತರಗತಿಯಲ್ಲಿ ಆ ಪಾಠ ಬಂದಾಗ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಲೇಬೇಕಾಗುತ್ತಿತ್ತು. ರಾಯಚೂರು, ಕಲಬುರ್ಗಿ ಕಡೆಯ ಒಣ ಹೊಲಗಳಲ್ಲಿ ಕಾಲುವೆ ಹರಿದದ್ದು, ಆಲಮಟ್ಟಿಯಲ್ಲಿ 290 ಮೆಗಾವಾಟು ವಿದ್ಯುತ್ ಬಂದದ್ದು, ಇವೂ ಸುಳ್ಳಲ್ಲ. ನಮ್ಮ ಊರು ಹೋಯಿತು ಎಂದು ಅವರ ಜೋಳ ಒಣಗಲಿ ಎನ್ನಲಾಗುತ್ತದೆಯೇ? ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಒಪ್ಪಿಕೊಂಡರು ಎಂದು ನನ್ನ ಅನಿಸಿಕೆ.

ಶಾಲೆ ಹೊಸ ಊರಿಗೆ ಬಂದದ್ದು 1999ರ ಜೂನ್‌ನಲ್ಲಿ. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿಗೆ ಒಪ್ಪಿತು. ಮುಂದಿನ ಮಳೆಗಾಲಗಳಲ್ಲಿ ಹಿನ್ನೀರು ಒಂದೊಂದೇ ಮೆಟ್ಟಿಲು ಏರಿತು. ಅದನ್ನು ನೋಡಲು ಹೋದವರ ವಿಷಯ ಬೇರೆ ಲೇಖನಗಳಲ್ಲಿ ಬಂದಿರುತ್ತದೆ, ನಾನು ಬರೆಯುವುದಿಲ್ಲ. 2001ರ ಫೆಬ್ರುವರಿಯಲ್ಲಿ ಜನಗಣತಿಯ ಕೆಲಸ ಬಿತ್ತು. ಓಣಿಗಳಿಲ್ಲ, ಅಡ್ಡಹೆಸರಿನ ಮನೆಗಳಿಲ್ಲ, ಎಲ್ಲ ನಿವೇಶನ ಸಂಖ್ಯೆ. ಕಂದಾಯ ದಾಖಲೆಯಲ್ಲಿ ಜನ ಇಲ್ಲದ ಊರಿಗೆ ‘ಬೇಚರಾಕ್ ಗ್ರಾಮ’ ಎನ್ನುತ್ತಾರೆ. ಪಾರ್ಸಿಯ ‘ಬೇಚಿರಾಗ್’ ಎಂಬ ಶಬ್ದ ಅದು. ಚಿರಾಗ್ ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಮಾನವ ಭೂಗೋಳದ ತಾಸಿನಲ್ಲಿ ಇದನ್ನು ಹೇಳಿದ ದಿನ ಒಂಬತ್ತನೆಯ ತರಗತಿಯವರು ಹಳೆ ಊರಿನ ನಕಾಶೆ ಮಾಡೋಣ ಎಂದರು. ಸ್ಥಳಾಕೃತಿ ನಕ್ಷೆಯ ಉಗುರಿನಷ್ಟು ಕೆಂಪು ಕಲೆ ಅವರಿಗೆ ಸಾಕಾಗಲಿಲ್ಲ.

ಆ ವರ್ಷ ನಡೆದದ್ದೇ ನನ್ನ ಸೇವೆಯಲ್ಲಿ ನಾನು ಮಾಡಿಸಿದ ಒಳ್ಳೆಯ ಕೆಲಸ ಎಂದುಕೊಂಡಿದ್ದೇನೆ. ಮಕ್ಕಳು ಮನೆಮನೆಗೆ ಹೋಗಿ ಹಿರಿಯರನ್ನು ಕೇಳಿ ಬರೆದು ತಂದರು. ಅಜ್ಜಂದಿರು ಹೇಳಿದ್ದು ಅಗಸಿ, ಚಾವಡಿ, ಕಣ, ಗರಡಿಮನೆ, ಸೀಮೆಯ ಕಲ್ಲು. ಅಜ್ಜಿಯರ ನಕಾಶೆಯಲ್ಲಿ ಚಾವಡಿಯೇ ಇಲ್ಲ! ಅವರದು ಸೇದುಬಾವಿ, ಅರಿವೆ ಒಗೆಯುವ ಕಲ್ಲು, ನೀರು ತರುವ ಕಾಲುದಾರಿ, ಕುಳ್ಳು ತಟ್ಟುವ ಜಾಗ, ತವರಿಗೆ ಹೋಗುವ ಬಂಡಿ ನಿಲ್ಲುತ್ತಿದ್ದ ಬೇವಿನ ಗಿಡ. ಎರಡನ್ನೂ ಒಂದೇ ಹಾಳೆಗೆ ತರಲು ತಿಂಗಳು ಹಿಡಿಯಿತು. ಹಾಳೆ ತುಂಬಿತು, ಎಲ್ಲರೂ ಸಂತೋಷಪಟ್ಟರು. ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ಸುಮ್ಮನೆ ನೋಡುತ್ತಿದ್ದ. ಏನೋ ತಮ್ಮಾ ಎಂದೆ. ಉತ್ತರ ಕೊಡದೆ ಪೆನ್ಸಿಲ್ ತೆಗೆದುಕೊಂಡು, ಊರಿನ ತೆಂಕಣಕ್ಕೆ ಖಾಲಿ ಉಳಿದಿದ್ದ ಮೂಲೆಯಲ್ಲಿ ಒಂದೊಂದಾಗಿ ಇಪ್ಪತ್ತಾರು ಮನೆ, ಒಂದು ಗುಡಿ, ಒಂದು ಬೇರೆ ಬಾವಿ ಬರೆದ. ಅದು ಅವರ ಕೇರಿ. ತಿಂಗಳುಗಟ್ಟಲೆ ಕೆಲಸ ಮಾಡಿದ ತರಗತಿಗೆ, ಮೇಲ್ವಿಚಾರಣೆ ಮಾಡಿದ ನನಗೆ, ಅದು ಬಿಟ್ಟುಹೋದದ್ದು ಕಂಡಿರಲಿಲ್ಲ. ಆಮೇಲೆ ಬಣ್ಣ ಹಚ್ಚುವಾಗ ಆ ಮೂಲೆಯನ್ನು ಅವನಿಗೇ ಬಿಟ್ಟರು. ಈಗ ಅವನು ಒಂದು ಪಾಲಿಟೆಕ್ನಿಕ್‌ನಲ್ಲಿ ಸರ್ವೇ ವಿಷಯದ ಉಪನ್ಯಾಸಕ.

ನಾನು ನಿವೃತ್ತನಾಗುವ ಹೊತ್ತಿಗೆ ಪುಸ್ತಕಗಳು ಬದಲಾಗಿದ್ದವು. ಎಂಟನೆಯದಕ್ಕೆ ಶಿಲಾಗೋಳ, ವಾಯುಗೋಳ, ಒಂಬತ್ತಕ್ಕೆ ಕರ್ನಾಟಕ, ಹತ್ತಕ್ಕೆ ಭಾರತ. ಚಿತ್ರಗಳು ಬಣ್ಣದವು, ಮುದ್ರಣ ಚೆಂದ. 2017ರಿಂದ ಸರ್ವೇ ಆಫ್ ಇಂಡಿಯಾದ ನಕ್ಷೆಗಳು ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುತ್ತವೆ. ನಾನು ಅರ್ಜಿ ಬರೆದು ತಂದದ್ದನ್ನು ಈಗಿನ ಮಕ್ಕಳು ಕೂತಲ್ಲೇ ಇಳಿಸಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಉಪಗ್ರಹ ಚಿತ್ರ ತೆರೆದರೆ ಹಿನ್ನೀರು ನನ್ನ ವಿದ್ಯಾರ್ಥಿಗಳು ನೀಲಿ ಪೆನ್ಸಿಲಿನಲ್ಲಿ ತುಂಬಿದ ಆಕಾರದಲ್ಲಿಯೇ ಕಾಣುತ್ತದೆ. ಆದರೆ ಕೇಳುವ ಪ್ರಶ್ನೆ ಅದೇ. 2010ರ ಡಿಸೆಂಬರ್‌ನಲ್ಲಿ ಎರಡನೆಯ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿದ ಮೇಲೆ ಹೊಸ ಊರಿನ ಕೆಳಗಿನ ಹೊಲಗಳವರು ಮತ್ತೆ ಗೆರೆ ಹುಡುಕತೊಡಗಿದ್ದಾರೆ. ಕಳೆದ ವರ್ಷ ಇಬ್ಬರು ಹುಡುಗಿಯರು ಮೊಬೈಲ್ ಹಿಡಿದು ಮನೆಗೆ ಬಂದರು. ‘ಅಜ್ಜಾರ, ಇದರಾಗ 523 ತೋರಸ್ತೈತಿ, ನಮ್ಮ ಹೊಲ ಹೋಗ್ತೈತೇನ್ರಿ?’ ಮೊಬೈಲು ಎತ್ತರ ಹೇಳುವಾಗ ಹತ್ತಾರು ಮೀಟರು ತಪ್ಪಬಹುದು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ.

ನಮ್ಮ ಉಪನ್ಯಾಸಕ ವಿದ್ಯಾರ್ಥಿಗೆ ಫೋನ್ ಮಾಡಿದೆ. ಅವನು ಒಂದು ಭಾನುವಾರ ಡಂಪಿ ಲೆವೆಲ್, ಸ್ಟಾಫ್ ಸಮೇತ ಬಂದ. ರಸ್ತೆ ಸೇತುವೆಯ ಮೇಲೆ ಕೊರೆದಿದ್ದ ಬೆಂಚ್ ಮಾರ್ಕಿನಿಂದ ಹಿಡಿದು ಹತ್ತನೆಯ ತರಗತಿಯ ಮಕ್ಕಳ ಕೈಯಲ್ಲೇ ಒಂದೊಂದೇ ರೀಡಿಂಗ್ ಓದಿಸುತ್ತ ಬಂದರು. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಕಟ್ಟೆಗೆ ತಲುಪಿದರು. ಕಟ್ಟೆ ಹೊಸ ಮಟ್ಟಕ್ಕಿಂತ ಸುಮಾರು ಹನ್ನೊಂದು ಮೀಟರು ಮೇಲೆ ಇದೆ. ಆ ಹುಡುಗಿಯರ ಹೊಲದ ಅರ್ಧ ಕೆಳಗೆ. ಇದು ಶಾಲೆಯ ಲೆಕ್ಕ, ಸರಕಾರಿ ಕಲ್ಲು ಬೇರೆ ಬರಬಹುದು, ಇದನ್ನು ನಂಬಿ ಮನೆ ಕಟ್ಟಬೇಡಿ, ಮಾರಲೂ ಬೇಡಿ ಎಂದು ಮೂರು ಸಲ ಹೇಳಿ, ಅದನ್ನು ಬರೆದೂ ಕೊಟ್ಟೆ.

ಹಳೆ ಊರಿನ ನಕಾಶೆಯ ಅಂಚು ಈಗ ಗೆದ್ದಲು ತಿಂದಿದೆ. ಅದನ್ನು ಈ ಸಂಚಿಕೆಯ ನಡುವಿನ ಎರಡು ಪುಟಗಳಲ್ಲಿ ಅಚ್ಚು ಹಾಕಿಸಲು ಸಮಿತಿಯವರು ಒಪ್ಪಿದ್ದಾರೆ. ಅದರಲ್ಲಿ ಇನ್ನೂ ಎರಡು ಜಾಗ ಖಾಲಿ ಇವೆ. ಹಳೆ ಶಾಲೆಯ ಗಂಟೆ ಕಟ್ಟಿದ್ದ ಗಿಡ ಬಾಗಿಲಿಗೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು 1985ರ ತಂಡದವರೂ 1992ರ ತಂಡದವರೂ ಇನ್ನೂ ಜಗಳಾಡುತ್ತಿದ್ದಾರೆ. ಕುಂಬಾರರ ಆವಿಗೆ ಹಳ್ಳದ ಆಚೆಯೋ ಈಚೆಯೋ ಎನ್ನುವುದೂ ತೀರ್ಮಾನವಾಗಿಲ್ಲ. ಗೊತ್ತಿದ್ದವರು ತಮ್ಮ ಪ್ರತಿಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿ ಶಾಲೆಗೆ ಕಳಿಸಿಕೊಡಿ. ಪೆನ್ನು ಬೇಡ.